ಕ್ಷೇತ್ರವಿಭಾಗವೂ ಮತದಾರನ ಸ್ವತ್ವವೂ

ಒಟ್ಟಾಗಿದ್ದ ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡಾಗ ಹಳೆಯ ಬದು ಅಳಿದು ಹೊಸ ಬದು ಬೀಳುವುದು ಎಲ್ಲರೂ ಕಂಡ ಸಂಗತಿ. ಬದುವು ಅಳಿದೊಡನೆ ಒಡೆತನವೂ ಅಳಿಯುವುದೇ, ಅಥವಾ ಒಡೆತನವು ಬದುವಿಗಿಂತ ಮೊದಲೇ ಇದ್ದು ಬದು ಹೋದ ಮೇಲೂ ನಿಲ್ಲತಕ್ಕದ್ದೇ ಎಂಬುದು ಧರ್ಮಶಾಸ್ತ್ರಕಾರರು ಬಹುಕಾಲ ವಿಚಾರಿಸಿದ ಪ್ರಶ್ನೆ. ಆ ಹಳೆಯ ಪ್ರಶ್ನೆಯು ನಮ್ಮ ಕಾಲದಲ್ಲಿ ಬೇರೊಂದು ವೇಷದಿಂದ ನಮ್ಮ ಮುಂದೆ ನಿಂತಿದೆ. ಚುನಾವಣೆಯ ಕ್ಷೇತ್ರವೊಂದು ಪಟ್ಟಿಯಿಂದ ಅಳಿದುಹೋದರೆ ಅಲ್ಲಿಯ ಮತದಾರನಿಗೆ ನಷ್ಟವಾದುದೇನು? ಮತವೆಂಬ ಸ್ವತ್ತು ನೆಲದ್ದೇ, ಗೆದ್ದ ಪ್ರತಿನಿಧಿಯದೇ, ಅಥವಾ ಮತದಾರನದೇ?

ಕೊಡ್ಲಿ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ನಮ್ಮ ಸೀಮೆಯವರಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. 2002ರ ಕಾಯಿದೆಯಂತೆ ನ್ಯಾಯಮೂರ್ತಿ ಕುಲದೀಪ ಸಿಂಗರ ಅಧ್ಯಕ್ಷತೆಯಲ್ಲಿ ನೇಮಕವಾದ ಕ್ಷೇತ್ರ ಪುನರ್ವಿಂಗಡಣೆಯ ಆಯೋಗವು 2001ರ ಜನಗಣತಿಯನ್ನು ಹಿಡಿದು ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆಯಿತು. ಆ ಗೆರೆಗಳ ಮೇಲೆ ಮೊಟ್ಟಮೊದಲು ವಿಧಾನಸಭೆಯ ಚುನಾವಣೆ ನಡೆದುದು 2008ರ ಮೇ ತಿಂಗಳಲ್ಲಿ, ಕರ್ನಾಟಕದಲ್ಲಿಯೇ. ರಾಜ್ಯದ ಒಟ್ಟು ಸ್ಥಾನಗಳು 224 ಇದ್ದವು, 224 ಆಗಿಯೇ ಉಳಿದವು. ಆದರೆ ನಮ್ಮ ಜಿಲ್ಲೆಯ ಪಟ್ಟಿಯಿಂದ ಶಹಾಬಾದ್, ಕಮಲಾಪುರ ಎಂಬ ಎರಡು ಹೆಸರುಗಳು ಹೋದವು. ಕಲಬುರಗಿ ನಗರವು ಉತ್ತರ, ದಕ್ಷಿಣವೆಂದು ಎರಡಾಯಿತು. ಗ್ರಾಮೀಣವೆಂಬ ಹೊಸ ಕ್ಷೇತ್ರ ಹುಟ್ಟಿತು. ಅದುವರೆಗೆ ಸಾಮಾನ್ಯ ಕ್ಷೇತ್ರಗಳಾಗಿದ್ದ ಚಿಂಚೋಳಿಯೂ ಚಿತ್ತಾಪುರವೂ ಪರಿಶಿಷ್ಟ ಜಾತಿಗಳಿಗೆ ಮೀಸಲಾದವು. 2009ರ ಚುನಾವಣೆಯಿಂದ ಕಲಬುರಗಿಯ ಲೋಕಸಭಾ ಸ್ಥಾನವೂ ಹಾಗೆಯೇ ಆಯಿತು. ಅಂದಿನಿಂದ ಊರ ಕಟ್ಟೆಗಳ ಮೇಲೆ ಒಂದು ನಿಟ್ಟುಸಿರಿನ ಮಾತು ಕೇಳಿಬರುತ್ತಿದೆ: "ನಮ್ಮ ಕ್ಷೇತ್ರವೇ ಹೋಯಿತು, ಇನ್ನು ನಮ್ಮನ್ನು ಕೇಳುವವರಾರು?" ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸ್ವತ್ತು ನೆಲದ್ದೆಂಬ ಪಕ್ಷವನ್ನು ಮೊದಲು ನೋಡೋಣ. ಈ ಪಕ್ಷವನ್ನು ಶತಮಾನಗಳ ಕಾಲ ಆಚರಣೆಯಲ್ಲಿಟ್ಟು ಅದರ ಫಲವನ್ನು ಉಂಡ ದೇಶ ಇಂಗ್ಲೆಂಡು. ಅಲ್ಲಿ ಸಾಲ್ಸ್‌ಬರಿಯ ಸಮೀಪದಲ್ಲಿ ಓಲ್ಡ್ ಸೇರಂ ಎಂಬ ಪಟ್ಟಣವು ಒಂದು ದಿಬ್ಬದ ಮೇಲಿದ್ದಿತು. ಹದಿಮೂರನೆಯ ಶತಮಾನದಲ್ಲಿ ಜನರು ಕೆಳಗಿನ ಬಯಲಿನ ಹೊಸ ಊರಿಗೆ ಇಳಿದುಹೋಗಲಾರಂಭಿಸಿದರು. ಕ್ರಮೇಣ ದಿಬ್ಬವು ಬರಿದಾಯಿತು. ಆದರೆ ಪಾರ್ಲಿಮೆಂಟಿನಲ್ಲಿ ಆ ಹಾಳೂರಿನ ಎರಡು ಸ್ಥಾನಗಳು ಮಾತ್ರ 1832ರ ತನಕ ನಿಂತವು. ಮತವು ಅಲ್ಲಿ ವಾಸಿಸುವ ಮನುಷ್ಯನಿಗಲ್ಲ, ಕೆಲವು ನಿವೇಶನಗಳ ಹಿಡುವಳಿಗೆ ಅಂಟಿಕೊಂಡಿದ್ದುದರಿಂದ, ನೆಲವನ್ನು ಕೊಂಡವನು ಸ್ಥಾನಗಳನ್ನೂ ಕೊಂಡಂತಾಗುತ್ತಿದ್ದಿತು. 1691ರಲ್ಲಿ ಅದನ್ನು ಕೊಂಡವನು ಥಾಮಸ್ ಪಿಟ್. ನಮ್ಮ ದೇಶದ ವ್ಯಾಪಾರದಲ್ಲಿ ಹಣವನ್ನು ಗಳಿಸಿ, ಮುಂದೆ 1698ರಿಂದ 1709ರ ವರೆಗೆ ಮದರಾಸಿನ ಗವರ್ನರನಾಗಿದ್ದವನು. ಅವನ ಮೊಮ್ಮಗನಾದ ವಿಲಿಯಂ ಪಿಟ್ಟನು 1735ರಲ್ಲಿ ಆ ಸ್ಥಾನದಿಂದಲೇ ಸಭೆಯನ್ನು ಹೊಕ್ಕನು. 1766ರಲ್ಲಿ ಅದೇ ಪಿಟ್ಟನು ಇಂಥ ಊರುಗಳು ರಾಜ್ಯಾಂಗದ ಕೊಳೆತ ಭಾಗವೆಂದೂ, ಇನ್ನು ನೂರು ವರ್ಷ ಬಾಳಲಾರವೆಂದೂ ನುಡಿದನು. 1802ರಲ್ಲಿ ಆ ದಿಬ್ಬವು ಸ್ಥಾನಸಹಿತವಾಗಿ 60,000 ಪೌಂಡುಗಳಿಗೆ ಮಾರಾಟವಾಯಿತು. ಅದೇ ಕಾಲದಲ್ಲಿ ಗಿರಣಿಗಳಿಂದಲೂ ಜನರಿಂದಲೂ ತುಂಬಿದ್ದ ಮ್ಯಾಂಚೆಸ್ಟರ್ ಪಟ್ಟಣಕ್ಕೆ ತನ್ನದೆಂಬ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1832ರ ಸುಧಾರಣೆಯ ಕಾಯಿದೆಯು ಬಂದು ಹಾಳೂರಿನ ಸ್ಥಾನಗಳನ್ನು ತೆಗೆದು ಮ್ಯಾಂಚೆಸ್ಟರಿಗೆ ಸ್ಥಾನಗಳನ್ನು ಕೊಟ್ಟಿತು. ಸ್ವತ್ತು ನೆಲದ್ದೆಂದು ಬಗೆದರೆ ಕ್ಷೇತ್ರವನ್ನು ಎಂದಿಗೂ ಅಳಿಸಲಾಗದು. ಅಳಿಸದಿದ್ದರೆ ಹಾಳುದಿಬ್ಬವು ಮಾತನಾಡುತ್ತದೆ, ತುಂಬಿದ ಊರು ಮೂಕವಾಗಿರುತ್ತದೆ. ಆದುದರಿಂದ ಜನರು ಸರಿದಂತೆ ಗೆರೆಯನ್ನು ಸರಿಸುವುದು ಅನ್ಯಾಯವಲ್ಲ, ಸರಿಸದಿರುವುದೇ ಅನ್ಯಾಯ.

ಹಾಗಾದರೆ ಸ್ವತ್ತು ಪ್ರತಿನಿಧಿಯದೆನ್ನೋಣವೇ? ನಮ್ಮಲ್ಲಿ ಕ್ಷೇತ್ರಗಳನ್ನು ಗೆದ್ದವರ ಹೆಸರಿನಿಂದಲೇ ಗುರುತಿಸುವ ವಾಡಿಕೆಯುಂಟು. ಚಿಂಚೋಳಿಯೆಂದೊಡನೆ ವೀರೇಂದ್ರ ಪಾಟೀಲರ ಹೆಸರು ಬಾಯಿಗೆ ಬರುತ್ತದೆ. ಬರುವುದು ಯುಕ್ತವೂ ಹೌದು. 1957, 1962, 1967ರಲ್ಲಿ ಅವರು ಅಲ್ಲಿಂದ ಗೆದ್ದರು, 1968ರಲ್ಲಿ ಮುಖ್ಯಮಂತ್ರಿಗಳಾದರು. ಆದರೆ ಅದೇ ಪಾಟೀಲರು 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಲೋಕಸಭಾ ಕ್ಷೇತ್ರದಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರಿಗೆ ಎದುರಾಗಿ ನಿಂತು ಸೋತರು. 1980ರಲ್ಲಿ ಬಾಗಲಕೋಟೆಯಿಂದ, 1984ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ಹೋದರು. 1989ರಲ್ಲಿ ಮತ್ತೆ ಚಿಂಚೋಳಿಗೆ ಬಂದು ಗೆದ್ದು ಎರಡನೆಯ ಸಲ ಮುಖ್ಯಮಂತ್ರಿಗಳಾದರು. ಒಬ್ಬರೇ ಮಹನೀಯರು ನಾಲ್ಕು ಕ್ಷೇತ್ರಗಳ ಬಾಗಿಲಲ್ಲಿ ನಿಂತು ಕೇಳಿದರು; ಮೂರು ಕಡೆ ಜನರು ಕೊಟ್ಟರು, ಒಂದು ಕಡೆ ಕೊಡಲಿಲ್ಲ. ಕೇಳಬೇಕಾಗಿ ಬಂದುದೇ ಆ ಸ್ವತ್ತು ಅವರದಲ್ಲವೆಂಬುದಕ್ಕೆ ಸಾಕ್ಷಿ.

ಚಿಕ್ಕಮಗಳೂರಿನ ಗತಿ ಇನ್ನೂ ವಿಚಾರಯೋಗ್ಯವಾದುದು. ಅಲ್ಲಿ ಆರಿಸಿಬಂದಿದ್ದ ಶ್ರೀ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಗೆದ್ದರು. 1978ರ ಡಿಸೆಂಬರ್ 19ರಂದು ಲೋಕಸಭೆಯು ಅವರ ಸದಸ್ಯತ್ವವನ್ನೇ ಕಳೆಯಿತು. ಪ್ರಪಂಚವೆಲ್ಲ ಕಣ್ಣಿಟ್ಟು ನೋಡಿದ ಆ ಕ್ಷೇತ್ರವೇ 2008ರ ವಿಂಗಡಣೆಯಲ್ಲಿ ಹೋಗಿ ಉಡುಪಿ–ಚಿಕ್ಕಮಗಳೂರು ಎಂಬ ಹೊಸ ಕ್ಷೇತ್ರವಾಯಿತು. ನಮ್ಮ ಕಲಬುರಗಿಯಲ್ಲಿಯೂ 1980ರಲ್ಲಿ ಶ್ರೀ ಧರ್ಮಸಿಂಗರು ಗೆದ್ದ ಲೋಕಸಭಾ ಸ್ಥಾನವನ್ನು ಬಿಟ್ಟುಕೊಟ್ಟರು. ದಿಲ್ಲಿಯಲ್ಲಿ ಸೋತಿದ್ದ ಕೇರಳದ ಶ್ರೀ ಸಿ. ಎಂ. ಸ್ಟೀಫನರು ಅದೇ ವರ್ಷದ ಉಪಚುನಾವಣೆಯಲ್ಲಿ ಇಲ್ಲಿಂದ ಆರಿಸಿಹೋದರು. ಇವರಲ್ಲಿ ಯಾರನ್ನೂ ದೂಷಿಸುವುದು ನನ್ನ ಅಭಿಪ್ರಾಯವಲ್ಲ. ಬಿಟ್ಟುಕೊಟ್ಟವರು ಬಿಟ್ಟುದು ಪೀಠವನ್ನು ಮಾತ್ರ. ಆ ಪೀಠವು ಮತ್ತೊಬ್ಬರಿಗೆ ದಾನವಾಗಿ ಹೋಗಲಿಲ್ಲ. ಜನರ ಬಳಿಗೆ ಹಿಂದಿರುಗಿ, ಅವರ ಕೈಯಿಂದಲೇ ಮತ್ತೊಬ್ಬರಿಗೆ ಸಂದಿತು. ಪೂರ್ವಮೀಮಾಂಸೆಯಲ್ಲಿ ಪ್ರತಿನಿಧಿಯ ವಿಚಾರ ಬಂದಿರುವುದನ್ನು ವಾಚಕರಲ್ಲಿ ಕೆಲವರು ಬಲ್ಲರು. ಯಾಗಕ್ಕೆ ವ್ರೀಹಿಯು ದೊರೆಯದಿದ್ದರೆ ಅದನ್ನು ಹೋಲುವ ನೀವಾರಧಾನ್ಯವನ್ನು ಪ್ರತಿನಿಧಿಯಾಗಿ ಹಿಡಿಯಬಹುದು. ಆದರೆ ಯಜಮಾನನಿಗೆ ಪ್ರತಿನಿಧಿಯಿಲ್ಲ, ಏಕೆಂದರೆ ಫಲಕ್ಕೆ ಒಡೆಯನು ಅವನು. ಸಭೆಯಲ್ಲಿ ನಮ್ಮ ಪರವಾಗಿ ಮಾತನಾಡುವ ಕ್ರಿಯೆಗೆ ಪ್ರತಿನಿಧಿಯುಂಟು. ನಮ್ಮ ಒಡೆತನಕ್ಕೆ ಪ್ರತಿನಿಧಿಯಿಲ್ಲ.

ಇನ್ನುಳಿದುದು ಮೂರನೆಯ ಪಕ್ಷ. ಇದಕ್ಕೆ ಆಧಾರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನ ಊರು ಶಹಾಬಾದಿಗೆ ಸಮೀಪದ ಮರತೂರೆಂದು ಪ್ರಸಿದ್ಧವಾಗಿದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಒಡೆತನವು ಯಾವಾಗ ಬರುತ್ತದೆ? ತಂದೆಯ ಮರಣಾನಂತರ ಬರುತ್ತದೆಂದು ವಂಗದೇಶದ ಜೀಮೂತವಾಹನನು ದಾಯಭಾಗದಲ್ಲಿ ಸಾಧಿಸಿದನು. ವಿಜ್ಞಾನೇಶ್ವರನ ಸಿದ್ಧಾಂತವು ಬೇರೆ: ಒಡೆತನವು ಜನ್ಮದಿಂದಲೇ ಬರುತ್ತದೆ. ವಿಭಾಗವೆಂದರೆ ಇಲ್ಲದ ಒಡೆತನವನ್ನು ಹುಟ್ಟಿಸುವುದಲ್ಲ. ಇಡಿಯ ಸ್ವತ್ತಿನಲ್ಲಿ ಅನೇಕರಿಗೆ ಮೊದಲೇ ಇರುವ ಒಡೆತನವನ್ನು ಅದರ ಒಂದೊಂದು ಭಾಗದಲ್ಲಿ ನೆಲೆಗೊಳಿಸುವುದು. ಈ ಲಕ್ಷಣವನ್ನು ಕ್ಷೇತ್ರಗಳ ವಿಂಗಡಣೆಗೆ ಅನ್ವಯಿಸಿ ನೋಡಿದರೆ ಸಂಶಯವು ತಾನಾಗಿ ಕಳೆಯುತ್ತದೆ. ಆಯೋಗವು ಗೆರೆಯನ್ನೆಳೆದು ಯಾರಿಗೂ ಮತವನ್ನು ಕೊಡಲಿಲ್ಲ. ಗೆರೆಯನ್ನಳಿಸಿ ಯಾರ ಮತವನ್ನೂ ಕಸಿಯಲಿಲ್ಲ. ದೇಶವೆಂಬ ಅವಿಭಕ್ತ ಸ್ವತ್ತಿನಲ್ಲಿ ನಮಗಿದ್ದ ಒಡೆತನವು ಶಹಾಬಾದಿನ ಹೆಸರಿನಲ್ಲಿ ನಿಂತಿದ್ದುದು ಈಗ ಬೇರೊಂದು ಹೆಸರಿನಲ್ಲಿ ನಿಂತಿತು, ಅಷ್ಟೆ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಮಿತಾಕ್ಷರೆಯು ಜನ್ಮದಿಂದ ಬರುವ ಒಡೆತನವನ್ನು ಗಂಡುಮಕ್ಕಳಿಗೆ ಮಾತ್ರ ಹೇಳಿತಲ್ಲವೆ, ಅದನ್ನು ಎಲ್ಲರ ಮತಕ್ಕೆ ಹೇಗೆ ಹೋಲಿಸುವುದು ಎಂದು ಕೇಳಬಹುದು. ನ್ಯಾಯವು ಒಳ್ಳೆಯದಾಗಿದ್ದು ಅದರ ವ್ಯಾಪ್ತಿಯು ಕಿರಿದಾಗಿದ್ದರೆ, ವ್ಯಾಪ್ತಿಯನ್ನು ಹಿಗ್ಗಿಸಬೇಕಲ್ಲದೆ ನ್ಯಾಯವನ್ನು ಬಿಡಬಾರದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಜನ್ಮತಃ ಸಮಭಾಗವು 2005ರ ತಿದ್ದುಪಡಿಯಿಂದ ದೊರೆಯಿತು. ಮತದ ವಿಷಯದಲ್ಲಿಯಾದರೋ 1950ರ ಸಂವಿಧಾನವು ಮೊದಲ ದಿನದಿಂದಲೇ ಗಂಡು, ಹೆಣ್ಣು, ಜಾತಿ, ಆಸ್ತಿಗಳ ಭೇದವೆಣಿಸಲಿಲ್ಲ. 1948ರ ಸಪ್ಟೆಂಬರ್ 17ರ ವರೆಗೆ ನಿಜಾಮರ ಪ್ರಜೆಗಳಾಗಿದ್ದ ನಮ್ಮ ಸೀಮೆಯವರು, ನಾಲ್ಕು ವರ್ಷಗಳೊಳಗೆ 1952ರ ಚುನಾವಣೆಯಲ್ಲಿ ಒಡೆಯರಾಗಿ ಮತ ಹಾಕಿ ಸ್ವಾಮಿ ರಮಾನಂದ ತೀರ್ಥರನ್ನು ಲೋಕಸಭೆಗೆ ಕಳುಹಿಸಿದರು. ಮೀಸಲಾತಿಯಿಂದ ಕ್ಷೇತ್ರವು ಹೋಯಿತೆಂಬ ದುಃಖಕ್ಕೂ ಉತ್ತರವಿದರಲ್ಲಿಯೇ ಇದೆ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಗಳಾಗಿ ನಿಲ್ಲುವವರ ಪಂಕ್ತಿಗೆ ಮಿತಿಯುಂಟು. ಆರಿಸುವವರ ಪಂಕ್ತಿಗೆ ಮಿತಿಯಿಲ್ಲ. ಪಾಲು ಸಿಕ್ಕದೆ ಬಹುಕಾಲ ಹೊರಗೆ ನಿಂತಿದ್ದ ದಾಯಾದಿಯು ಒಳಗೆ ಬಂದು ಕುಳಿತನೆಂದು ಮನೆ ಹೋಯಿತೆಂದು ಅಳುವವನು, ಆ ಮನೆ ತನ್ನೊಬ್ಬನದೆಂದು ಎಣಿಸಿದ್ದವನೇ ಇರಬೇಕು.

ಆದರೆ ಈ ನಿಟ್ಟುಸಿರಿನಿಂದ ಆಗುವ ಅನರ್ಥವು ಬೇರೆಯೇ ಇದೆ. "ನಮ್ಮನ್ನು ಕೇಳುವವರಿಲ್ಲ" ಎಂದು ನಂಬಿದವನು ತನ್ನ ಸ್ವತ್ತಿಗೆ ಬೆಲೆಯಿಲ್ಲವೆಂದು ಬಗೆಯುತ್ತಾನೆ. ಬೆಲೆಯಿಲ್ಲವೆಂದು ಬಗೆದುದನ್ನು ಸಿಕ್ಕಿದ ಬೆಲೆಗೆ ಮಾರುತ್ತಾನೆ. ಚುನಾವಣೆಯ ಹಿಂದಿನ ರಾತ್ರಿ ಕೈಯಿಂದ ಕೈಗೆ ಹೋಗುವ ನೋಟುಗಳ ಸಂಗತಿಯನ್ನು ವಿಸ್ತರಿಸಬೇಕಾಗಿಲ್ಲ, ಎಲ್ಲರೂ ಬಲ್ಲರು. ಓಲ್ಡ್ ಸೇರಮಿನಲ್ಲಿ ಧನಿಕನು ಇಡಿಯ ದಿಬ್ಬವನ್ನು ಒಮ್ಮೆಗೆ ಕೊಂಡನು. ಇಲ್ಲಿ ಮನೆಮನೆಯಾಗಿ ಚಿಲ್ಲರೆಯಲ್ಲಿ ಕೊಳ್ಳುತ್ತಾರೆ. ಅಲ್ಲಿ ಮಾರಿದವನಿಗೆ ಕಾಯಿದೆಯೇ ಒಡೆತನವನ್ನು ಕೊಟ್ಟಿದ್ದಿತು. ಇಲ್ಲಿ ಮಾರುವವನಿಗೆ ಮಾರುವ ಅಧಿಕಾರವುಂಟೆ?

ವಿಜ್ಞಾನೇಶ್ವರನು ಇದಕ್ಕೂ ಉತ್ತರವಿತ್ತಿದ್ದಾನೆ. ಪಿತ್ರಾರ್ಜಿತವಾದ ಸ್ಥಾವರವನ್ನು ತಂದೆಯಾದವನೂ ಮನಬಂದಂತೆ ದಾನ ಮಾಡಲಾರನು, ವಿಕ್ರಯ ಮಾಡಲಾರನು. ಏಕೆಂದರೆ ಹುಟ್ಟಿದವರಷ್ಟೇ ಅಲ್ಲ, ಗರ್ಭದಲ್ಲಿರುವವರೂ ಇನ್ನೂ ಹುಟ್ಟದವರೂ ಅದರಿಂದಲೇ ಜೀವಿಕೆಯನ್ನು ಬಯಸುತ್ತಾರೆಂಬ ಸ್ಮೃತಿವಚನವನ್ನು ಆತನು ಪ್ರಮಾಣವಾಗಿ ಹಿಡಿದನು. ಮತವು ಅಂಥ ಸ್ವತ್ತು. ಅದನ್ನು ನಾವು ಗಳಿಸಲಿಲ್ಲ. ಹಿಂದಿನವರ ಸೆರೆವಾಸದಿಂದಲೂ ಪ್ರಾಣತ್ಯಾಗದಿಂದಲೂ ಅದು ನಮಗೆ ಬಂದಿತು. ಅದರ ಫಲವಾದ ಶಾಲೆ, ರಸ್ತೆ, ಕೆರೆ, ಆಸ್ಪತ್ರೆಗಳನ್ನು ಉಣ್ಣತಕ್ಕವರು ನಮ್ಮ ಮೊಮ್ಮಕ್ಕಳು. ಇಂಥದನ್ನು ಒಂದು ರಾತ್ರಿಯ ಹಣಕ್ಕೆ ಮಾರುವವನು ತನ್ನದನ್ನು ಮಾರುತ್ತಿಲ್ಲ, ತೊಟ್ಟಿಲಲ್ಲಿರುವ ಕೂಸಿನದನ್ನು ಮಾರುತ್ತಿದ್ದಾನೆ. ಒಂದು ಮತದಿಂದ ಏನಾದೀತೆನ್ನುವವರು ಚಿಂಚೋಳಿಯ 2023ರ ಚುನಾವಣೆಯನ್ನು ನೆನೆಯಲಿ. ಅಲ್ಲಿ ಗೆಲುವಿನ ಅಂತರವು 858 ಮತಗಳು. ಒಂದು ಸಣ್ಣ ಹಳ್ಳಿಯು ಮನಸ್ಸು ಮಾಡಿದರೆ ತೂಗುವಷ್ಟೇ ಭಾರ.

ಆದಕಾರಣ ಕ್ಷೇತ್ರವು ಅಳಿದುದಕ್ಕಾಗಿ ಶೋಕಿಸುವುದು ಬೇಡ. ಹೊಸ ಬದುವಿನೊಳಗೆ ಬಿದ್ದವನು ಮಾಡತಕ್ಕ ಕೆಲಸ ಬೇರೆಯಿದೆ. ಹೊಸ ನೆರೆಯವರು ಯಾರೆಂದು ತಿಳಿಯಬೇಕು. ಅವರೊಡನೆ ಕೂಡಿ ನೀರು, ದಾರಿಗಳ ಲೆಕ್ಕವನ್ನು ಹಿಡಿಯಬೇಕು. ಆರಿಸಿಹೋದವನು ಯಾವ ಊರಿನವನೇ ಆಗಲಿ, ಯಾವ ಕುಲದವನೇ ಆಗಲಿ, ಒಡೆಯನು ಆಳನ್ನು ಕೇಳುವ ಧೈರ್ಯದಿಂದ ಅವನನ್ನು ಕೇಳಬೇಕು. "ನಮ್ಮನ್ನು ಕೇಳುವವರಾರು?" ಎಂಬ ಪ್ರಶ್ನೆಯೇ ವಿಪರೀತವಾದುದು. ಕೇಳಬೇಕಾದವರು ನಾವು. ಮುಂದೆಯೂ ಜನಗಣತಿಗಳು ನಡೆದಾವು, ಗೆರೆಗಳು ಸರಿದಾವು, ಇಂದಿನ ಹೆಸರುಗಳೂ ಪಟ್ಟಿಯಿಂದ ಹೋದಾವು. ಜನ್ಮದೊಡನೆ ಬಂದ ಸ್ವತ್ವವು ಅದರಿಂದ ಕುಂದುವುದಿಲ್ಲ. ಅದು ಕುಂದುವುದು ಒಡೆಯನು ತಾನಾಗಿ ಅದನ್ನು ಮಾರಿಕೊಂಡಾಗ ಮಾತ್ರ.