ಯಾರ ಆಸೆ, ಯಾರ ಹೆಸರು

"ಮೂರು ವರ್ಷದ ಮಗುವಿಗೆ ಲಂಡನ್ ಏನು ತಿಳಿದೀತು?" 2019ರ ಬೇಸಿಗೆಯಲ್ಲಿ ನಾನು ಮಗಳನ್ನು ಕರೆದುಕೊಂಡು ಲಂಡನ್ನಿನ ಅಣ್ಣನ ಮನೆಗೆ ಹೊರಟಾಗ, ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಹೀಗೆ ಕೇಳದವರೇ ಇಲ್ಲ. ನಮ್ಮತ್ತೆ ಇನ್ನೂ ನೇರವಾಗಿ ಹೇಳಿದರು: "ಅಲ್ಲ ಕಣಮ್ಮಾ, ಅದಕ್ಕೆ ನೆನಪೂ ಇರಲ್ಲ. ಸುಮ್ನೆ ದುಡ್ಡು ದಂಡ, ಮಗೀಗೆ ಹಿಂಸೆ." ಅತ್ತೆಯ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಇದರಲ್ಲಿ ಎರಡು ಪ್ರಶ್ನೆಗಳಿವೆ. ನೆನಪಿನಲ್ಲಿ ಉಳಿಯದ ಸಂತೋಷಕ್ಕೆ ಬೆಲೆಯಿದೆಯೇ? ನಮ್ಮ ಆಸೆಗಾಗಿ ಮಗುವಿಗೆ ಕಷ್ಟ ಕೊಡಬಹುದೇ?

ಮೊದಲನೆಯದಕ್ಕೆ ಉತ್ತರ ಅಷ್ಟು ಕಷ್ಟವಲ್ಲ. ಮೂರು, ಮೂರೂವರೆ ವರ್ಷಕ್ಕೆ ಮುಂಚಿನ ಸಂಗತಿಗಳು ಬೆಳೆದ ಮೇಲೆ ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲ ಎಂದು ಮನಶ್ಶಾಸ್ತ್ರ ಬಲ್ಲವರು ಹೇಳುತ್ತಾರೆ. ನನ್ನ ಮಗಳಿಗೂ ಈಗ ಆ ಪ್ರಯಾಣದ ನೆನಪು ಏನೂ ಇಲ್ಲ. ಫೋಟೋ ತೋರಿಸಿದರೆ ಬೇರೆ ಯಾರೋ ಹುಡುಗಿಯನ್ನು ನೋಡುವಂತೆ ನೋಡುತ್ತಾಳೆ. ಆದರೆ ನೆನಪಿಲ್ಲದ್ದೆಲ್ಲ ದಂಡವೆಂದರೆ, ಎಣ್ಣೆ ಹಚ್ಚಿ ಎರೆದದ್ದು, ರಾಗಿ ಸರಿ ಉಣಿಸಿದ್ದು, ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ಓಡಾಡಿದ್ದು ಎಲ್ಲವೂ ದಂಡವೇ ಆಗಬೇಕು. ಹಾಗೆಂದು ಯಾವ ತಾಯಿಯೂ ಲೆಕ್ಕ ಹಾಕುವುದಿಲ್ಲ. ಮಗು ನಕ್ಕ ಗಳಿಗೆ, ಮುಂದೆ ಅದು ಮರೆತರೂ, ನಕ್ಕದ್ದು ಸುಳ್ಳಾಗುವುದಿಲ್ಲ.

ಎರಡನೆಯ ಪ್ರಶ್ನೆ ಮಾತ್ರ ಸುಲಭದ್ದಲ್ಲ. ರಾಗಿ ಸರಿ ಮಗುವಿಗೆ ಬೇಕಾದದ್ದು, ಲಂಡನ್ ಬೇಕಾದದ್ದಲ್ಲ. ವಿಮಾನ ಇಳಿಯುವಾಗ ಕಿವಿ ನೋವೆಂದು ಅದು ಅತ್ತದ್ದು ಯಾರಿಗಾಗಿ? ಬೇಸಿಗೆಯಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ನಮ್ಮೂರಿನ ಬೆಳಗಿನ ಏಳಕ್ಕೆ ಅಲ್ಲಿ ರಾತ್ರಿ ಎರಡೂವರೆ. ನಾಲ್ಕು ದಿನ ಆ ಹೊತ್ತಿಗೆ ಎದ್ದು ಕೂತು "ಹಾಲು ಕೊಡು, ಬೆಳಗಾಯ್ತು" ಎನ್ನುತ್ತಿದ್ದಳು. ಕಿಟಕಿಯಾಚೆ ಕತ್ತಲು.

"ಮಗುವಿಗೆ ಲೋಕ ತೋರಿಸೋಣ ಅಂತ" ಎಂದುಬಿಡುವುದು ಸುಲಭವಾಗಿತ್ತು. ಹೆಂಗಸರಾದ ನಾವು ಬಹುಪಾಲು ಹೀಗೇ ಹೇಳುತ್ತೇವೆ. ಗಂಡಸು ಒಬ್ಬನೇ ದೇಶ ಸುತ್ತಿ ಬಂದರೆ ಅವನನ್ನು ಕಾರಣ ಕೇಳುವವರಿಲ್ಲ. ತಾಯಿಯಾದವಳು ಮಾತ್ರ ತನ್ನ ಆಸೆಯನ್ನು ಮಗುವಿನ ಹೆಸರಿನಲ್ಲಿ ಬರೆಸಬೇಕು. ನಾನು ಅತ್ತೆಗೆ ಇದ್ದದ್ದನ್ನೇ ಹೇಳಿದೆ: "ನೋಡಬೇಕು ಅನ್ನೋ ಆಸೆ ನನ್ನದು ಅತ್ತೆ. ಮಗೂನ ಬಿಟ್ಟು ಹೋಗೋಕೆ ಮನಸ್ಸಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಮಗುವಿಗೆಂದು ಹುರಿಹಿಟ್ಟು ಕಟ್ಟಿಕೊಟ್ಟರು.

ಹೀಗೆ ಹೇಳಿದ್ದರ ಲಾಭ ನನಗೆ ಲಂಡನ್ನಿನ ಬೀದಿಯಲ್ಲಿ ತಿಳಿಯಿತು. ಆಸೆ ನನ್ನದಾದ ಮೇಲೆ ಅದರ ಸಾಲ ತೀರಿಸಬೇಕಾದವಳೂ ನಾನೇ. ಒಂದು ದಿನ ಸೌತ್ ಕೆನ್ಸಿಂಗ್ಟನ್ನಿನ ವಸ್ತುಸಂಗ್ರಹಾಲಯಗಳಿಗೆ ಹೋದೆವು. ನೆಲದಡಿಯ ರೈಲಿನಲ್ಲಿ ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ಆ ನಿಲ್ದಾಣದಲ್ಲಿ ಮೆಟ್ಟಿಲು ಹತ್ತಲೇಬೇಕಾಯಿತು. ಮಗುವನ್ನು ಕೂರಿಸಿ ತಳ್ಳುವ ಗಾಡಿ ಹಿಡಿದು ನಿಂತಿದ್ದಾಗ, ಯಾರೋ ಒಬ್ಬರು ಮಾತಿಲ್ಲದೆ ಮುಂದಿನ ಚಕ್ರದ ಕಡೆ ಎತ್ತಿಕೊಂಡು ಮೇಲೆ ಇಟ್ಟು, ಹಿಂತಿರುಗಿ ನೋಡದೆ ಹೋದರು.

ಮೊದಲು ನಿಸರ್ಗ ಚರಿತ್ರೆಯ ಸಂಗ್ರಹಾಲಯ. ಒಳಗೆ ಹೋಗುತ್ತಲೇ 25 ಮೀಟರಿಗೂ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತಲೆಯ ಮೇಲೆ ತೂಗಾಡುತ್ತದೆ. ಮಗಳು ಅದನ್ನು ಒಮ್ಮೆ ನೋಡಿ, ನೆಲದ ಮೇಲಿನ ಚಿತ್ತಾರಗಳನ್ನು ಒಂದೊಂದಾಗಿ ತುಳಿಯುತ್ತ ಅರ್ಧ ಗಂಟೆ ಕಳೆದಳು. ನನ್ನ ಮನಸ್ಸೆಲ್ಲ ಎದುರು ಬದಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದ್ದ ಟಿಪ್ಪುವಿನ ಹುಲಿಯ ಮೇಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದ, ಬಿಳಿಯ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುವಂತೆ, ಮನುಷ್ಯ ನರಳುವಂತೆ ಒಳಗೆ ಯಂತ್ರವಿದೆ. ಶಾಲೆಯಲ್ಲಿ ಓದಿದ್ದನ್ನು ಕಣ್ಣಾರೆ ಕಂಡೆ. ಇನ್ನು ಅಲ್ಲಿನ ಭಾರತದ ಹಳೆಯ ನೇಯ್ಗೆಗಳನ್ನು ನೋಡಬೇಕಿತ್ತು. ಸೀರೆಯ ಊರಿನವಳಲ್ಲವೇ ನಾನು? ಅಷ್ಟರಲ್ಲಿ ಮಗಳು ನಡುವಿನ ಅಂಗಳದ ಕೊಳವನ್ನು ನೋಡಿಬಿಟ್ಟಿದ್ದಳು.

ಪಾದ ಮುಳುಗುವಷ್ಟೇ ನೀರು. ಬಿಸಿಲಿಗೆ ಬಂದ ಎಲ್ಲ ಬಣ್ಣದ ಮಕ್ಕಳೂ ಅದರಲ್ಲಿ ಓಡಾಡುತ್ತಿದ್ದವು. ಮಳೆ ನೆಚ್ಚಿ ಕೂತು ಕೆರೆಯ ತಳ ನೋಡುತ್ತ ಬೆಳೆಯುವ ನಮ್ಮ ಸೀಮೆಯ ಮಗುವಿಗೆ ಇದಕ್ಕಿಂತ ದೊಡ್ಡ ಸಂಗ್ರಹಾಲಯ ಯಾವುದಿದೆ? ಒಂದೂವರೆ ಗಂಟೆ ದಡದಲ್ಲಿ ಕೂತೆ. 2001ರಿಂದ ಅಲ್ಲಿನ ರಾಷ್ಟ್ರೀಯ ಸಂಗ್ರಹಾಲಯಗಳಿಗೆ ಎಲ್ಲರಿಗೂ ಪ್ರವೇಶ ಉಚಿತ. "ದುಡ್ಡು ಕೊಟ್ಟಿದ್ದೇವೆ, ಪೂರಾ ನೋಡಲೇಬೇಕು" ಎಂಬ ಹಟವಿಲ್ಲ. ನೇಯ್ಗೆಯನ್ನು ನೋಡದೆಯೇ ಹೊರಟೆವು. ಬೇಸರವಾಯಿತು, ಇಲ್ಲವೆನ್ನಲಾರೆ. ಆದರೆ ಅದು ನಾನು ಕೊಡಬೇಕಾದ ಬೆಲೆ. ಅದನ್ನು ಮಗುವಿನಿಂದ ವಸೂಲು ಮಾಡುವುದು ನ್ಯಾಯವಲ್ಲ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಉಪದೇಶಗಳಲ್ಲಿ ಕೆಲವು. ಮೊದಲನೆಯದನ್ನು ನಾವು ಮಕ್ಕಳಿಗೆ ದಿನಾ ಹೇಳುತ್ತೇವೆ. ಉಳಿದೆರಡು ಹೆತ್ತವರಿಗೂ ಸೇರಿವೆ ಎಂಬುದನ್ನು ಮರೆಯುತ್ತೇವೆ. ದಯೆ ಎಂದರೆ ಮಗುವಿನ ಕಾಲಿನ ವೇಗಕ್ಕೆ ನಮ್ಮ ಕಾಲನ್ನು ತಗ್ಗಿಸುವುದು. ಸತ್ಯ ಎಂದರೆ ನಮ್ಮ ಆಸೆಯನ್ನು ನಮ್ಮದೆಂದು ಒಪ್ಪಿಕೊಳ್ಳುವುದು.

ಲಂಡನ್ ಆಗಲಿ, ತಿರುಪತಿಯಾಗಲಿ, ರಜೆಯ ಊಟಿಯಾಗಲಿ, ಮಾತು ಒಂದೇ. "ನಿನಗಾಗಿಯೇ ಇಷ್ಟು ದೂರ ಬಂದೆವು" ಎಂದ ತಕ್ಷಣ ಮಗು ಸಾಲಗಾರನಾಗುತ್ತದೆ. ಅಳಬಾರದು, ಸುಸ್ತಾಗಬಾರದು, ಸಂತೋಷಪಡಬೇಕು, ಮುಂದೆ ನೆನೆಯಲೂ ಬೇಕು. ಹತ್ತು ವರ್ಷದ ನಂತರವೂ "ನಿನಗಾಗಿ ಎಷ್ಟು ಖರ್ಚು ಮಾಡಿದೆವು" ಎಂಬ ಲೆಕ್ಕ ಹೊರಬರುತ್ತದೆ. ತಾಯಿಗೆ ಆಸೆಯಿರುವುದು ತಪ್ಪಲ್ಲ, ತಂಗಿ. ಅದನ್ನು ಮಗುವಿನ ತಲೆಗೆ ಕಟ್ಟುವುದು ಬೇಡ. ನನ್ನ ಮಗಳು ಲಂಡನ್ ಮರೆತಿದ್ದಾಳೆ. ಮರೆಯುವ ಹಕ್ಕು ಅವಳಿಗಿದೆ. ನೆನಪಿಟ್ಟುಕೊಳ್ಳಬೇಕಾದವಳು ನಾನು, ಹೋದದ್ದು ನನ್ನ ಆಸೆಗಲ್ಲವೇ?