ಹಾದುಹೋಗುವವರ ಊರು

ಹೆದ್ದಾರಿ ಬದಿಯ ಸಣ್ಣ ಊರುಗಳನ್ನು ಕಂಡರೆ ನನಗೆ ಇಂದಿಗೂ ಬೆರಗು. ಗುರುತಿಲ್ಲದ, ಬಹುಶಃ ಮತ್ತೆಂದೂ ಬಾರದ ಮುಖಗಳಿಗಾಗಿ ಬೆಳಗಿನ ಜಾವವೇ ಎದ್ದು ಒಲೆ ಹೊತ್ತಿಸುವ ಊರುಗಳು ಅವು. ಬೆಂಗಳೂರಿನ ನಮ್ಮ ಹೊಸಕೆರೆಹಳ್ಳಿಯಿಂದ ಹೊರಟು ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆ ಹಿಡಿದರೆ, ಅಲ್ಲಿಂದಾಚೆ ಸಾಲುಸಾಲಾಗಿ ಸಿಗುತ್ತವೆ. ಬಿಡದಿ ತಟ್ಟೆ ಇಡ್ಲಿ ಕೊಡುತ್ತದೆ. ಚನ್ನಪಟ್ಟಣ ಆಲೆಮರದಲ್ಲಿ ಕಡೆದು ಅರಗಿನ ಬಣ್ಣವೇರಿಸಿದ ಬೊಂಬೆ ಕೊಡುತ್ತದೆ. ಮದ್ದೂರು ವಡೆ ಕೊಡುತ್ತದೆ. ಅದಂತೂ ರೈಲಿನವರ ಹಸಿವಿಗೂ ಬಸ್ಸಿನವರ ಹಸಿವಿಗೂ ಆಗಿಬಂದದ್ದು.

ಇಂಥದೇ ಹೆದ್ದಾರಿ ಬದಿಯ ಊರೊಂದು ಆಸ್ಟ್ರೇಲಿಯದಲ್ಲೂ ಇದೆ, ಸಿಡ್ನಿಗೂ ಮೆಲ್ಬರ್ನ್‌ಗೂ ನಡುವಿನ ಹೋಲ್‌ಬ್ರೂಕ್. ಕಡಲು ಎಷ್ಟೋ ದೂರ, ಸುತ್ತ ಕುರಿ ಮೇಯುವ ಬಯಲು. ಆದರೂ ಅಲ್ಲಿನ ಉದ್ಯಾನದಲ್ಲಿ ಓಟ್ವೇ ಎಂಬ ಜಲಾಂತರ್ಗಾಮಿಯ ಮೇಲ್ಭಾಗ ನಿಂತಿದೆ! ಮೊದಲ ಮಹಾಯುದ್ಧದ ಒಬ್ಬ ಜಲಾಂತರ್ಗಾಮಿ ನಾವಿಕನ ಹೆಸರನ್ನು ಊರು 1915ರಲ್ಲಿ ಇಟ್ಟುಕೊಂಡಿತ್ತು, ಆ ನಂಟಿನಿಂದ ಬಂದದ್ದು. 2013ರಲ್ಲಿ ಹೆದ್ದಾರಿ ಊರನ್ನು ಬಳಸಿಕೊಂಡು ಹೋಯಿತು. ನಮ್ಮಲ್ಲೂ ಹತ್ತು ವರ್ಷಕ್ಕೆ ಅದೇ ಆಯಿತು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬಿಡದಿಯ ಇಡ್ಲಿ ಬೇಕೆಂದರೆ ಬೇಕೆಂದೇ ಕೆಳಗಿಳಿಯಬೇಕು. ಇಳಿಯುವವರು ಈಗಲೂ ಇದ್ದಾರೆ, ಅದು ನನಗೆ ದೊಡ್ಡ ಸಂತೋಷ.

ಆದರೆ ಮೈಸೂರು ರಸ್ತೆಗುಂಟ ನಾವಷ್ಟೇ ಹೋಗುವುದಿಲ್ಲ, ನಮ್ಮ ನೀರೂ ಹೋಗುತ್ತದೆ. ಹೊಸಕೆರೆಹಳ್ಳಿ ಕೆರೆಯ ಕೋಡಿ ನೀರು ರಾಜಕಾಲುವೆಯಲ್ಲಿ ಇಳಿದು ವೃಷಭಾವತಿಯನ್ನು ಸೇರುತ್ತದೆ. ಹೊಳೆ ರಸ್ತೆಯ ಮಗ್ಗುಲಲ್ಲೇ ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಯತ್ತ ಹರಿದು, ಮುಂದೆ ಅರ್ಕಾವತಿಯನ್ನು ಸೇರಿ ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ನಮ್ಮ ಬೀದಿಯ ಮೇಲೆ ಬಿದ್ದ ಮಳೆಹನಿ, ಯಾರನ್ನೂ ದಾರಿ ಕೇಳದೆ, ಇಳಿಜಾರನ್ನಷ್ಟೇ ನಂಬಿ ಅಷ್ಟು ದೂರ ಹೋಗುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಜೊತೆಗೆ ಸಂಕಟವೂ ಆಗುತ್ತದೆ. ಆ ಊರುಗಳು ನಮ್ಮ ಎಲೆಗೆ ಇಡ್ಲಿ ಬಡಿಸುತ್ತವೆ. ನಾವು ಅವುಗಳ ಕಡೆಗೆ ಬಿಡುವುದು ಬಚ್ಚಲು ನೀರು, ಕಾರ್ಖಾನೆಯ ಕೊಳೆ, ನೊರೆ. ಬೈರಮಂಗಲದ ರೈತರು ಅದನ್ನೇ ಗದ್ದೆ-ತೋಟಕ್ಕೆ ಹಾಯಿಸಿದ್ದಾರೆ, ಹಸುವಿಗೆ ಮೇವು ಬೆಳೆದಿದ್ದಾರೆ. ಆ ಮೇವು ತಿಂದ ಹಸುವಿನ ಹಾಲು ಡೈರಿ ಸೇರುತ್ತದೆ. ನಾವು ಕೈಬಿಟ್ಟದ್ದು ಹೀಗೆ ಯಾವ ಯಾವ ರೂಪ ತಾಳಿ, ಯಾವ ಯಾವ ಮನೆಯ ಒಲೆ ಮೇಲೆ ಕಾಯುತ್ತಿದೆಯೋ!