ಪತ್ತೇದಾರ ಪ್ರಾಣಿಗಳು ಮತ್ತು ಅರಿವಿನ ಪ್ರಶ್ನೆ

ಕೋಝಿ ಮಿಸ್ಟರಿ ಎಂಬುದು ಪತ್ತೇದಾರಿ ಸಾಹಿತ್ಯದ ಸೌಮ್ಯ ಕವಲು. ಅಲ್ಲಿ ಕೊಲೆ ನಡೆಯುತ್ತದೆ, ರಕ್ತಪಾತದ ವರ್ಣನೆ ಇರುವುದಿಲ್ಲ. ಊರು ಚಿಕ್ಕದು, ಎಲ್ಲರಿಗೂ ಎಲ್ಲರ ಪರಿಚಯವಿರುತ್ತದೆ. ಪತ್ತೆ ಮಾಡುವವರು ಹೆಚ್ಚಾಗಿ ಪೊಲೀಸರಲ್ಲ, ಸಾಮಾನ್ಯ ಜನ. ಈ ಕವಲಿನ ಒಂದು ಟಿಸಿಲಿನಲ್ಲಿ ಜಾಡು ಹಿಡಿಯುವ ಕೆಲಸ ಬೆಕ್ಕು, ನಾಯಿ, ಕುರಿಗಳದ್ದು. ಅಮೆರಿಕದ ಲಿಲಿಯನ್ ಜಾಕ್ಸನ್ ಬ್ರೌನ್ 1966ರಲ್ಲಿ ಕೋಕೋ ಎಂಬ ಸಯಾಮಿ ಬೆಕ್ಕನ್ನು ಓದುಗರ ಮುಂದೆ ತಂದರು. ಜಪಾನಿನ ಅಕಗಾವಾ ಜಿರೋ 1978ರಲ್ಲಿ ಹೋಮ್ಸ್ ಎಂಬ ಹೆಸರಿನ ಮೂರು ಬಣ್ಣದ ಬೆಕ್ಕಿನ ಸರಣಿಯನ್ನು ಆರಂಭಿಸಿದರು. ಈ ಕಥೆಗಳು ಬೇಸರ ಕಳೆಯಲು ಓದುವಂಥವು, ನಿಜ. ಆದರೆ ಅವು ನಿಂತಿರುವುದು ಬಹಳ ಹಳೆಯ ಪ್ರಶ್ನೆಯೊಂದರ ಮೇಲೆ: ಮಾತಿಲ್ಲದ ಜೀವಿಗೆ ಸತ್ಯ ತಿಳಿಯುವುದೇ? ತಿಳಿದರೆ, ನ್ಯಾಯದ ಮುಂದೆ ಆ ತಿಳಿವಿಗೆ ಬೆಲೆ ಇದೆಯೇ?

ಕಾದಂಬರಿಕಾರರು ಇದಕ್ಕೆ ಮುಖ್ಯವಾಗಿ ಮೂರು ಬಗೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಮೊದಲನೆಯದು ಸೂಚನೆಯ ದಾರಿ. ಕೋಕೋ ಮಾತನಾಡುವುದಿಲ್ಲ, ವಸ್ತುವೊಂದನ್ನು ಮೂಸುತ್ತದೆ, ಪುಸ್ತಕವನ್ನು ಕಪಾಟಿನಿಂದ ಕೆಡವುತ್ತದೆ. ಅದರ ಒಡೆಯ, ಪತ್ರಕರ್ತ ಕ್ವಿಲ್ಲರನ್, ಇದು ಕಾಕತಾಳೀಯವೋ ಉದ್ದೇಶಪೂರ್ವಕವೋ ಎಂದು ತೂಗಿನೋಡುತ್ತಾನೆ. ಎರಡನೆಯದು ಮರೆಯ ಮಾತಿನ ದಾರಿ. ರೀಟಾ ಮೇ ಬ್ರೌನ್ 1990ರಲ್ಲಿ ಆರಂಭಿಸಿದ, ತಮ್ಮ ಬೆಕ್ಕು ಸ್ನೀಕಿ ಪೈಯನ್ನೇ ಸಹಲೇಖಕಿ ಎಂದು ಹೆಸರಿಸಿದ ಸರಣಿಯಲ್ಲಿ ಪ್ರಾಣಿಗಳು ತಮ್ಮತಮ್ಮಲ್ಲಿ ಚರ್ಚಿಸುತ್ತವೆ. ಮನುಷ್ಯರಿಗೆ ಅದು ಅರ್ಥವಾಗುವುದಿಲ್ಲ. ಮೂರನೆಯದು ಪ್ರಾಣಿಯ ಕಣ್ಣಿನಿಂದಲೇ ನೋಡುವ ದಾರಿ. ಸ್ಪೆನ್ಸರ್ ಕ್ವಿನ್ 2009ರಲ್ಲಿ ಆರಂಭಿಸಿದ ಸರಣಿಯ ಕಥೆ ಹೇಳುವುದು ಚೆಟ್ ಎಂಬ ನಾಯಿ. ಜರ್ಮನ್ ಲೇಖಕಿ ಲಿಯೋನಿ ಸ್ವಾನ್ 2005ರಲ್ಲಿ ಬರೆದ ‘ಗ್ಲೆನ್‌ಕಿಲ್’ ಕಾದಂಬರಿಯಲ್ಲಿ ಐರ್ಲೆಂಡಿನ ಕುರಿಮಂದೆಯೊಂದು ತನ್ನ ಕುರಿಗಾಹಿಯ ಸಾವಿನ ಕಾರಣ ಹುಡುಕುತ್ತದೆ. ಕುರಿಗಾಹಿ ದಿನವೂ ಓದಿ ಹೇಳುತ್ತಿದ್ದ ಕಥೆಗಳಷ್ಟೇ ಆ ಕುರಿಗಳಿಗೆ ಮನುಷ್ಯಲೋಕದ ಪಾಠ.

ಪ್ರಾಣಿ ಊಹಿಸಬಲ್ಲುದೇ ಎಂಬ ಚರ್ಚೆ ಪಶ್ಚಿಮದಲ್ಲಿ ಒಂದು ನಾಯಿಯ ಸುತ್ತ ಬೆಳೆಯಿತು. ಕ್ರಿ.ಪೂ. 3ನೇ ಶತಮಾನದ ಸ್ಟೋಯಿಕ್ ದಾರ್ಶನಿಕ ಕ್ರಿಸಿಪ್ಪಸ್ ಕೊಟ್ಟ ಉದಾಹರಣೆ ಅದು. ಬೇಟೆಯ ಬೆನ್ನು ಹತ್ತಿದ ನಾಯಿ ಮೂರು ದಾರಿ ಕೂಡುವಲ್ಲಿ ಬಂದು ನಿಲ್ಲುತ್ತದೆ. ಎರಡು ದಾರಿಗಳನ್ನು ಮೂಸುತ್ತದೆ. ವಾಸನೆ ಸಿಗದಿದ್ದಾಗ ಮೂರನೆಯದನ್ನು ಮೂಸದೆಯೇ ಓಡುತ್ತದೆ. ಉಳಿದವನ್ನೆಲ್ಲ ತಳ್ಳಿಹಾಕಿ ಶೇಷವನ್ನು ಹಿಡಿಯುವ ಇಂಥ ಅನುಮಾನವನ್ನು ನಮ್ಮ ನ್ಯಾಯದರ್ಶನ ಪರಿಶೇಷ ಎನ್ನುತ್ತದೆ. ಪತ್ತೇದಾರನ ಮೂಲ ವಿದ್ಯೆಯೂ ಅದೇ. 13ನೇ ಶತಮಾನದ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವೀನಾಸ್ ಇಂಥದ್ದೇ ಉದಾಹರಣೆಗೆ ಬೇರೆ ವ್ಯಾಖ್ಯಾನ ಕೊಟ್ಟ: ನಾಯಿಯ ನಡೆಯಲ್ಲಿ ಕಾಣುವ ಕ್ರಮ ನಾಯಿಯದಲ್ಲ, ಅದನ್ನು ಸೃಷ್ಟಿಸಿದ ದೈವೀ ಬುದ್ಧಿಯದು. 1615ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್‌ನ ಎದುರು ಕೇಂಬ್ರಿಜ್‌ನಲ್ಲಿ ಇದೇ ವಿಷಯದ ಮೇಲೆ ವಾದ ನಡೆದಾಗ ಬೇಟೆಪ್ರಿಯ ದೊರೆ ನಾಯಿಯ ಪಕ್ಷ ವಹಿಸಿದ. 1637ರಲ್ಲಿ ಫ್ರೆಂಚ್ ದಾರ್ಶನಿಕ ಡೆಕಾರ್ಟ್ ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿ, ಮಾತಿಲ್ಲದಿರುವುದೇ ಅವುಗಳಲ್ಲಿ ಬುದ್ಧಿಯಿಲ್ಲ ಎಂಬುದಕ್ಕೆ ಸಾಕ್ಷಿ ಎಂದ.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲಿ ಈ ವಿಷಯವನ್ನು ಮತ್ತೊಂದು ಕಡೆಯಿಂದ ಹಿಡಿಯುತ್ತಾರೆ. ಕೋಲೆತ್ತಿ ಬರುವವನನ್ನು ಕಂಡು ಹಸು ಓಡುತ್ತದೆ, ಹಸಿ ಹುಲ್ಲು ಹಿಡಿದವನ ಹತ್ತಿರ ಬರುತ್ತದೆ. ಕತ್ತಿ ಹಿಡಿದು ಗದರುವವನಿಂದ ಮನುಷ್ಯನೂ ದೂರ ಸರಿಯುತ್ತಾನೆ. ಪ್ರಮಾಣಗಳ, ಅಂದರೆ ಅರಿವಿನ ಸಾಧನಗಳ, ವ್ಯವಹಾರದಲ್ಲಿ ಪಶುವಿಗೂ ಪಂಡಿತನಿಗೂ ಭೇದವಿಲ್ಲ. ಇಲ್ಲಿ ಆಚಾರ್ಯರ ಉದ್ದೇಶ ಪಶುವನ್ನು ಮೇಲೇರಿಸುವುದಲ್ಲ. ನಿತ್ಯವ್ಯವಹಾರದಲ್ಲಿ ಮನುಷ್ಯನೂ ಅವಿವೇಕದಲ್ಲೇ ಇದ್ದಾನೆ ಎಂದು ತೋರಿಸುವುದು. ಆದರೂ ನೋಡುವುದು, ಊಹಿಸುವುದು ಮನುಷ್ಯನೊಬ್ಬನ ಸ್ವತ್ತಲ್ಲ ಎಂಬುದು ಈ ವಾದದಿಂದ ತಾನಾಗಿ ಸಿದ್ಧವಾಗುತ್ತದೆ.

ಹಾಗೆಂದು ಪ್ರಾಣಿಯ ಪ್ರತಿ ಚಲನೆಯಲ್ಲೂ ಗೂಢಾರ್ಥ ಹುಡುಕುವುದು ತಪ್ಪು. ಶ್ರದ್ಧಾವಂತ ಕ್ರೈಸ್ತನಾಗಿದ್ದ ಜಿ. ಕೆ. ಚೆಸ್ಟರ್ಟನ್ 1926ರ ಸಂಕಲನದಲ್ಲಿ ಸೇರಿಸಿದ, ಪತ್ತೇದಾರ ಪಾದ್ರಿ ಫಾದರ್ ಬ್ರೌನ್‌ನ ಕಥೆಯೊಂದರಲ್ಲಿ ಕೊಲೆಯ ಹೊತ್ತಿಗೇ ಕಡಲ ದಂಡೆಯಲ್ಲಿ ನಾಯಿ ಊಳಿಡುತ್ತದೆ. ಅದಕ್ಕೆ ಸಾವು ಗೊತ್ತಾಯಿತೆಂದು ಜನ ನಂಬುತ್ತಾರೆ. ನೀರಿಗೆ ಎಸೆದ ಕೋಲು ತೇಲದೆ ಮುಳುಗಿದ್ದೇ ನಾಯಿಯ ಅಳಲಿಗೆ ಕಾರಣವೆಂದು ಪಾದ್ರಿ ಕಂಡುಹಿಡಿಯುತ್ತಾನೆ. ಕೋಲಿನೊಳಗೆ ಕತ್ತಿ ಅಡಗಿತ್ತು. ನಾಯಿಯನ್ನು ನಾಯಿಯಾಗಿಯೇ ನೋಡಿದ್ದರಿಂದ ಅವನಿಗೆ ಸತ್ಯ ಸಿಕ್ಕಿತು. ಇತರರು ಅದನ್ನು ಭವಿಷ್ಯವಾಣಿಯ ದೇವತೆಯಾಗಿಸಿ ದಾರಿ ತಪ್ಪಿದರು. ನಿಜವಾದ ಧರ್ಮಶ್ರದ್ಧೆ ಮೂಢನಂಬಿಕೆಗೆ ಎದುರು ನಿಲ್ಲುತ್ತದೆ ಎಂಬುದು ಆ ಕಥೆಯ ಸಾರ.

ಭಾರತೀಯ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ: ಅರಿವಿನ ಜೊತೆಗೆ ಶೀಲವನ್ನೂ ಕೇಳುತ್ತದೆ. ಋಗ್ವೇದದ 10ನೇ ಮಂಡಲದ 108ನೇ ಸೂಕ್ತದಲ್ಲಿ ಇಂದ್ರನ ದೂತಿಯಾದ ಸರಮೆ ಪಣಿಗಳೆಂಬ ಗೋಗಳ್ಳರು ಬಚ್ಚಿಟ್ಟ ಗೋವುಗಳನ್ನು ಹುಡುಕಿ ಬರುತ್ತಾಳೆ. ಪರಂಪರೆ ಅವಳನ್ನು ದೇವಲೋಕದ ಹೆಣ್ಣುನಾಯಿ ಎಂದು ಗುರುತಿಸುತ್ತದೆ. ತಂಗಿಯಾಗಿ ಇದ್ದುಬಿಡು, ಗೋವುಗಳಲ್ಲಿ ಪಾಲು ಕೊಡುತ್ತೇವೆ ಎಂದು ಪಣಿಗಳು ಆಸೆ ತೋರಿಸಿದರೂ ಅವಳು ಒಪ್ಪುವುದಿಲ್ಲ. ಬುದ್ಧನ ಹಿಂದಿನ ಜನ್ಮಗಳ ಕಥೆಗಳಲ್ಲೊಂದಾದ ಪಾಲಿ ಭಾಷೆಯ ಕುಕ್ಕುರ ಜಾತಕದಲ್ಲಿ ರಾಜನ ರಥದ ಚರ್ಮವನ್ನು ನಾಯಿಗಳು ಕಡಿದು ತಿನ್ನುತ್ತವೆ. ಅರಮನೆಯ ನಾಯಿಗಳನ್ನು ಬಿಟ್ಟು ಊರಿನ ನಾಯಿಗಳನ್ನೆಲ್ಲ ಕೊಲ್ಲಬೇಕೆಂದು ರಾಜಾಜ್ಞೆಯಾಗುತ್ತದೆ. ಆಗ ನಾಯಿಯಾಗಿ ಹುಟ್ಟಿದ್ದ ಬೋಧಿಸತ್ವ ಆಸ್ಥಾನಕ್ಕೆ ಬಂದು, ಕಳ್ಳರು ಯಾರೆಂದು ಗೊತ್ತಿಲ್ಲದೆ ಶಿಕ್ಷೆ ಹೇಗೆಂದು ಕೇಳುತ್ತಾನೆ. ಪಕ್ಷಪಾತ, ದ್ವೇಷ, ಮೋಹ, ಭಯಗಳಿಂದ ತೀರ್ಪು ಕೊಡಬಾರದೆಂದು ರಾಜನಿಗೆ ತಿಳಿಹೇಳುತ್ತಾನೆ. ಮಜ್ಜಿಗೆಯಲ್ಲಿ ದರ್ಭೆ ಅರೆದು ಅರಮನೆಯ ನಾಯಿಗಳಿಗೆ ಕುಡಿಸಿದಾಗ ಅವು ಚರ್ಮದ ಚೂರುಗಳನ್ನು ಕಾರುತ್ತವೆ. ಸುಳಿವು, ಪರೀಕ್ಷೆ, ಸಾಕ್ಷ್ಯ, ನಿರಪರಾಧಿಗಳ ಬಿಡುಗಡೆ ಎಲ್ಲವೂ ಆ ಪುಟ್ಟ ಕಥೆಯಲ್ಲಿವೆ.

ಆಧುನಿಕ ಕಾದಂಬರಿಗಳ ಬೆಕ್ಕು, ನಾಯಿಗಳು ಸತ್ಯವನ್ನು ಕಂಡುಹಿಡಿದು ಶಿಕ್ಷೆಯ ಹೊಣೆಯನ್ನು ಮನುಷ್ಯರಿಗೆ ಬಿಡುತ್ತವೆ. ಜಾತಕದ ನಾಯಿ ತೀರ್ಪು ಕೊಡುವವನ ಪಕ್ಷಪಾತವನ್ನೇ ವಿಚಾರಣೆಗೆ ಒಳಪಡಿಸುತ್ತದೆ. ಪತ್ತೇದಾರ ಪ್ರಾಣಿಯ ಕಲ್ಪನೆಗೆ ದಾರ್ಶನಿಕ ತೂಕ ಬರುವುದು ಈ ಹಂತದಲ್ಲಿ. ಪ್ರಾಣಿಗೆ ಎಷ್ಟು ಬುದ್ಧಿಯಿದೆ ಎಂಬ ವಾದ ಇನ್ನೂ ಮುಗಿದಿಲ್ಲ. ಅದು ಮುಗಿಯದಿದ್ದರೂ ಮಾತು ಬಾರದವರ ಸಾಕ್ಷ್ಯವನ್ನು ಕೇಳದೆ ಕೊಟ್ಟ ತೀರ್ಪು ನ್ಯಾಯವಾಗುವುದಿಲ್ಲ.